ಕುದಿಸದ ಗಾಜು

"ಮತ್ತ ಒಡೀತೇನ್ರಿ?"

ಇಷ್ಟು ಕೇಳುವುದಕ್ಕಾಗಿಯೇ ನಿಜಗುಣಪ್ಪ ಸಂತೆಯ ದಿನ ಬೆಳಗಿನಿಂದ ದಾರಿ ನೋಡಿದ್ದ. ಹಳ್ಳಿಗಳಿಗೆ ಸೀಮೆಎಣ್ಣೆಯ ಕಂದೀಲು ಹೊಸದಾಗಿದ್ದ ಕಾಲ. ಬೈಲಹೊಂಗಲದ ಪೇಟೆಯಲ್ಲಿ ಅವನದು ಕಂದೀಲಿನ ಅಂಗಡಿ. ಸಂಗೊಳ್ಳಿಯಿಂದ ನಡೆದು ಬಂದ ಸಿದ್ದಲಿಂಗವ್ವ ಸೀಳಿದ ಗಾಜನ್ನು ಕಟ್ಟೆಯ ಮೇಲಿಟ್ಟಳು. ಎರಡು ತಿಂಗಳಲ್ಲಿ ಇದು ಐದನೆಯದು.

ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲಿದ್ದಳು. ಹಗಲೆಲ್ಲ ಹೊಲ, ಸಂಜೆ ಕಸಮುಸುರೆ. ನಿಜಗುಣಪ್ಪನೂ ಹೆಂಡತಿಯನ್ನು ಕಳಕೊಂಡು ನಾಲ್ಕು ವರ್ಷ. ಅವರ ಜನದಲ್ಲಿ ಗಂಡ ಸತ್ತವಳು ಉಡಿಕೆಯಾಗಿ ಮತ್ತೊಂದು ಸಂಸಾರ ಹೂಡಬಹುದಿತ್ತು. ಬಾಯಿಬಿಟ್ಟು ಕೇಳುವವರು ಬೇಕಿತ್ತು, ಅಷ್ಟೆ. ಇವನೋ, ಅವಳು ಬಂದಾಗ ರುಮಾಲು ಸರಿಮಾಡಿಕೊಳ್ಳುವುದರಲ್ಲೇ ಮುಗಿಸುತ್ತಿದ್ದ. ಅವಳು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದಳು.

"ಅತ್ತಿಗಿ ಇವತ್ತ ಕೈ ಎತ್ತಿದ್ಲರಿ," ಎಂದಳು. "ನನ್ನ ಕೈಗುಣಾನ ಚೊಲೊ ಇಲ್ಲಂತ. ಗಂಡನ್ನೂ ಉಳಿಸ್ಕೊಳ್ಳಲಿಲ್ಲ, ಗಾಜೂ ಉಳಿಸ್ಕೊಳ್ಳಲಿಲ್ಲ ಅಂದ್ಲು."

ನಿಜಗುಣಪ್ಪನ ಮುಖ ಇಳಿಯಿತು. ಒಳಗಿನಿಂದ ಬೇರೊಂದು ಗಾಜು ತಂದ.

"ಇದು ಒಡ್ಯಾಂಗಿಲ್ಲ. ತಣ್ಣೀರಾಗ ಇಟ್ಟು, ಸಣ್ಣ ಉರೀಲೆ ಕುದಿಸಿ, ಅದೇ ನೀರಾಗ ಆರಾಕ ಬಿಟ್ಟೇನಿ. ಹಂಗ ಮಾಡಿದ್ರ ಕಾವು ತಡಕೋತೈತಿ. ಮ್ಯಾಲ ತುಸು ಮಬ್ಬು ಕೂಡತೈತಿ, ಒಣಾ ಅರಿವಿಲೆ ಒರಸ್ರಿ. ಬೂದಿ ಹಚ್ಚಿ ತಿಕ್ಕಬ್ಯಾಡ್ರಿ, ಗೀರು ಬಿದ್ದಲ್ಲೇ ಸೀಳತೈತಿ."

"ಎಲ್ಲಾರಿಗೂ ಹಿಂಗ ಕುದಿಸಿ ಕೊಡ್ತೀರೇನು?"

"ಹೂಂ."

"ನನಗ?"

ಅವನು ತಲೆ ತಗ್ಗಿಸಿದ. "ನಿಮಗ ಕುದಿಸದ ಕೊಟ್ಟೆ. ಗಟ್ಟಿದು ಕೊಟ್ರ ನೀವು ಮತ್ತ ಬರಾಂಗಿಲ್ಲಂತ... ತಪ್ಪಾತ್ರಿ."

ಸಿದ್ದಲಿಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು, ಆಗಲಿಲ್ಲ, ಅಷ್ಟು ದಣಿದಿದ್ದಳು. ಕಟ್ಟೆಯ ತುದಿಗೆ ಕುಳಿತು ಕಣ್ಣೊರೆಸಿಕೊಂಡಳು. ಈಚಿನ ವರ್ಷಗಳಲ್ಲಿ ತಾನು ಬರಲೆಂದು ಯಾರೂ ಕಾದಿರಲಿಲ್ಲ. ಹಾಳಾದ್ದು, ಅದೂ ಹಿತವಾಗಿಯೇ ಇತ್ತು.

"ಐದು ಸಲ ಬೈಸಿಕೊಂಡೇನ್ರಿ, ನಿಮ್ಮ ಸಲುವಾಗಿ."

ಅವನು ಸೀಳಿದ ಗಾಜನ್ನು ಕಟ್ಟೆಯ ಬದಿಗೆ ಸರಿಸಿದ.

"ನಡದು ನಡದು ಕಾಲು ಸೋತಾವು. ಇನ್ನ ನಾ ಬರಾಂಗಿಲ್ಲ."

ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ನಿಜಗುಣಪ್ಪ ಕಂಬ ಹಿಡಿದು ನಿಂತೇ ಇದ್ದ. ನಾಲ್ಕು ಹೆಜ್ಜೆ ಹೋದವಳು, ತಿರುಗಿ ಅವನನ್ನು ನೆಟ್ಟಗೆ ನೋಡಿದಳು.

"ನೀವು ಬರ್ರಿ. ಬಂದು ನಮ್ಮ ಅಣ್ಣನ್ನ ಕೇಳ್ರಿ."