ಮಂದಾಕಿನಿಯ ಛಾಯಾಂಕ

ಹೊಸ ನದಿಹಾಳದ ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುತ್ತಿದ್ದ ದ್ಯಾಮಣ್ಣನ ಕಿವಿಯ ಹಿಂದೆ ಅಂಟಿಕೊಂಡಿದ್ದ ತೆಳ್ಳನೆಯ ಪಟ್ಟಿ ಒಂದು ಹೆಸರನ್ನು ಪಿಸುಗುಟ್ಟಿತು. ಗಂಡೂ ಅಲ್ಲದ, ಹೆಣ್ಣೂ ಅಲ್ಲದ, ಭಾವವೇ ಇಲ್ಲದ ಯಂತ್ರದ ದನಿ. ಅವನ ಕೈ ಒಂದು ಕ್ಷಣ ನಿಂತಿತು. ಅವನು ಮತ್ತೆ ಕ್ಯಾನು ತಿಕ್ಕತೊಡಗುವಷ್ಟರಲ್ಲಿ ಅವನ ನಾಡಿಯ ಬಡಿತ, ಚರ್ಮದ ತೇವ, ಮಿದುಳಿನಲ್ಲಿ ಎದ್ದು ಅಡಗಿದ ಸಣ್ಣ ವಿದ್ಯುತ್ ಅಲೆ, ಎಲ್ಲವೂ ಧಾರವಾಡದ ಪ್ರಯೋಗಾಲಯವನ್ನು ತಲುಪಿದ್ದವು.

ಈ ಉಪಕರಣದ ಹೆಸರು ನಾಮಛಾಯಾಮಾಪಕ. ಪ್ರತಿ ಹೆಸರಿಗೂ ಕೇಳಿದವರ ಮನಸ್ಸಿನಲ್ಲಿ ಒಂದು ನೆರಳು ಇರುತ್ತದೆ. ಅದನ್ನು ಅಳೆಯುವುದು ಇದರ ಕೆಲಸ. ತಾಯಿತಂದೆಯರು ಮಗುವಿಗೆ ಚಂದದ ಹೆಸರೊಂದನ್ನು ಹುಡುಕಿ ಇಟ್ಟಿರುತ್ತಾರೆ. ಅದು ಯಾವುದೋ ಮೋಸಗಾರನ ಕಂಪನಿಯದೋ, ಹೊಟ್ಟೆನೋವಿನ ಮಾತ್ರೆಯದೋ ಹೆಸರಾಗಿತ್ತೆಂಬುದು ಮಗು ಶಾಲೆಯಿಂದ ಅಳುತ್ತ ಬಂದ ದಿನ ಗೊತ್ತಾಗುತ್ತದೆ. ಅಂಥ ಸಂಕಟ ತಪ್ಪಿಸಲು, ಮಗು ಬೆಳೆಯಲಿರುವ ಊರಿನಲ್ಲಿಯೇ ಒಪ್ಪಿಗೆ ಕೊಟ್ಟ ಕೆಲವು ಕೇಳುಗರ ಕಿವಿಯಲ್ಲಿ ಆ ಹೆಸರನ್ನು ಮೊದಲೇ ನುಡಿಸಿ ನೋಡಲಾಗುತ್ತಿತ್ತು. ಅಭಿಪ್ರಾಯ ಕೇಳುತ್ತಿರಲಿಲ್ಲ. ಬಾಯಿ ಸೌಜನ್ಯಕ್ಕೆ ಏನನ್ನಾದರೂ ಹೇಳಬಹುದು, ಮೈ ಹಾಗೆ ಮಾಡುವುದಿಲ್ಲ. ಕೇಳುಗರಲ್ಲಿ ಕಂಡ ಅತಿ ಗಾಢ ನೆರಳಿನ ಅಂಕಕ್ಕೆ ಛಾಯಾಂಕ ಎಂದು ಹೆಸರು. ಸೊನ್ನೆ ಎಂದರೆ ಅಚ್ಚ ಬಿಳಿ, ಒಂಬತ್ತು ಎಂದರೆ ಕಡುಗಪ್ಪು. ಆರು ದಾಟಿದರೆ ಬೇರೆ ಹೆಸರು ನೋಡಿಕೊಳ್ಳಿ ಎಂಬ ಸಲಹೆ ಹೋಗುತ್ತಿತ್ತು.

ಉಪಕರಣವನ್ನು ರೂಪಿಸಿದ ಡಾ. ಪದ್ಮಿನಿ ಹೊಸಕೇರಿ ಒಂಬತ್ತನ್ನು ಅದುವರೆಗೆ ಕಂಡಿರಲಿಲ್ಲ. ಮಂದಾಕಿನಿ ಎಂಬ ಹೆಸರಿಗೆ ಹೊಸ ನದಿಹಾಳದಲ್ಲಿ ಒಂಬತ್ತು ಬಂದಿತ್ತು. ಪಕ್ಕದ ತಾಲ್ಲೂಕಿನಲ್ಲಿ ಅದೇ ಹೆಸರಿಗೆ ಬಂದದ್ದು ಒಂದು. ಉಪಕರಣ ಕೆಟ್ಟಿಲ್ಲವೆಂದು ಖಚಿತಮಾಡಿಕೊಂಡ ಮೇಲೆ ಅವರು ಅರ್ಜಿ ಹಾಕಿದ್ದ ಮಗುವಿನ ತಾಯಿಯನ್ನು ಕರೆಸಿದರು.

ಜಯಶೀಲಾ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ಇದೇ ಹೆಸರು ಯಾಕೆಂದು ಪದ್ಮಿನಿ ಕೇಳಿದರು.

“ನಮ್ಮ ಅತ್ತೀದು ರೀ,” ಎಂದಳು ಜಯಶೀಲಾ. “ಸೊಸಿ ಆದಾಕಿ ನಾನು, ಬಾಯಿಲೆ ಹೇಳಂಗಿಲ್ಲ. ಅದಕ್ಕ ಅರ್ಜಿಯೊಳಗ ಬರದೀನಿ.”

“ಹಂಗಾರ ಮಗಳನ್ನ ಏನಂತ ಕರೀತೀರಿ? ಹಾಲು ಚೆಲ್ಲಿದ್ರ ಹೆಸರು ಹಿಡದು ಬೈಯಬೇಕಲ್ಲ?”

“ನಾನು ಅವ್ವ ಅಂತೀನ್ರಿ. ಹೆಸರು ಊರವರು ಕರೀಲಿ. ನನಗ ಬೇಕಾಗಿದ್ದು ಅದ.”

ನಡೆದದ್ದನ್ನು ಅವಳು ಸಾವಕಾಶವಾಗಿ ಹೇಳಿದಳು. ಹಳೆಯ ನದಿಹಾಳ ಹೊಳೆಯ ದಂಡೆಯಲ್ಲಿತ್ತು. ಅಲ್ಲಿಯ ಶಾಲೆಯ ಶಿಕ್ಷಕಿ ಮಂದಾಕಿನಿಯ ದನಿ ಗಂಟೆಯಂತೆ ಸ್ಪಷ್ಟ. ಪ್ರವಾಹದ ಮುನ್ಸೂಚನಾ ಯಂತ್ರವನ್ನು ತಂದಾಗ ಅದಕ್ಕೆ ಅವರ ದನಿಯನ್ನೇ ಕಲಿಸಿದರು, ಅವರ ಹೆಸರನ್ನೇ ಇಟ್ಟರು. ಬೀದಿಬೀದಿಯ ಕಂಬದಿಂದ ‘ನಾನು ಮಂದಾಕಿನಿ’ ಎಂದು ಶುರುವಾಗುವ ಮಾತು ಎಷ್ಟೋ ಮಳೆಗಾಲ ಊರನ್ನು ಕಾಯಿತು. ಒಂದು ವರ್ಷ ನೀರಿನ ಮಟ್ಟ ಅಳೆಯುವ ಕೊಳವೆಯಲ್ಲಿ ಹೂಳು ತುಂಬಿಕೊಂಡಿತು. ಏರುತ್ತಿದ್ದ ಹೊಳೆ ಯಂತ್ರಕ್ಕೆ ಇಳಿಯುತ್ತಿರುವಂತೆ ಕಂಡಿತು. ‘ನಾನು ಮಂದಾಕಿನಿ. ಭಯವಿಲ್ಲ, ಯಾರೂ ಮನೆ ಬಿಡಬೇಕಾಗಿಲ್ಲ’ ಎಂದು ಅದು ಹೇಳುತ್ತಲೇ ಇತ್ತು. ಹನ್ನೊಂದು ಜನ ನೀರುಪಾಲಾದರು.

ತಪ್ಪು ಹೂಳಿನದೆಂದು ತನಿಖೆಯಲ್ಲಿ ಬೇಗನೆ ಗೊತ್ತಾಯಿತು. ಆದರೆ ಊರಿನ ಕಿವಿಯಲ್ಲಿ ಉಳಿದದ್ದು ಆ ದನಿ. ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿದ ಮೇಲೂ ಸುಳ್ಳು ಹೇಳಿದ ಹುಡುಗರನ್ನು ಶಾಲೆಯಲ್ಲಿ ‘ಏ ಮಂದಾಕಿನಿ’ ಎಂದು ಹಂಗಿಸುವುದು ನಿಲ್ಲಲಿಲ್ಲ. ಮಂದಾಕಿನಿ ಕೆಲಸ ಬಿಟ್ಟರು. ಅಂಗಡಿಗೆ ಹೋದರೆ ಬೇಕಾದದ್ದನ್ನು ಬೆರಳಿನಿಂದ ತೋರಿಸಿ ಕೊಳ್ಳುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಹೊಸ್ತಿಲಾಚೆ ಅವರ ದನಿಯನ್ನು ಯಾರೂ ಕೇಳಿರಲಿಲ್ಲ.

“ನಮ್ಮತ್ತಿ ಕೂಸಿನ ಹಣಿಗೆ ನನ್ನ ಕೆಸರು ಹಚ್ಚಬ್ಯಾಡ ಅಂತಾರ್ರಿ. ನಾ ಬಿಡಲಿಲ್ಲ. ಕಡೀಕ ಮಾಪಕ ಆರರ ಒಳಗ ತೋರಿಸಿದ್ರ ಆತು ಅಂತ ಒಪ್ಪ್ಯಾರ.” ಜಯಶೀಲಾ ಪದ್ಮಿನಿಯವರ ಮುಖ ನೋಡಿದಳು. “ಎಷ್ಟು ಬಂದೈತ್ರಿ?”

“ಒಂಬತ್ತು.”

ಕೂಸು ಎದ್ದು ಕೊಸರಾಡಿತು. ಅದರ ಬೆನ್ನು ತಟ್ಟುತ್ತ ಅವಳು ಕೇಳಿದಳು: “ಒಂಬತ್ತು ಅಂದ್ರ ಅಷ್ಟು ಸಿಟ್ಟೇನ್ರಿ?”

ಹೌದು ಎನ್ನಹೊರಟ ಪದ್ಮಿನಿ ತಡೆದುಕೊಂಡರು. ತಿಳಿಯದ್ದನ್ನು ತಿಳಿದಿದೆ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. “ಅಶಾಂತಿ,” ಎಂದರು. “ಹೆಸರು ಕೇಳಿದ ಕೂಡಲೇ ಮನಸ್ಸು ಕಲಕತದ. ಅಷ್ಟು ಗೊತ್ತಾಗತದ.”

“ಯಾರ ಮ್ಯಾಲೆ ಅಶಾಂತಿ ರೀ?”

ಆ ಪ್ರಶ್ನೆಯನ್ನು ಉಪಕರಣಕ್ಕೆ ಯಾರೂ ಕೇಳಿರಲಿಲ್ಲ. ಅದನ್ನು ಕಟ್ಟಿದವರೂ ಕೇಳಿರಲಿಲ್ಲ.

ಜಯಶೀಲಾಳಿಗೆ ನಾಲ್ಕು ದಿನ ತಡೆಯಲು ಹೇಳಿ ಪದ್ಮಿನಿ ಅಲೆಗಳನ್ನು ಬಿಡಿಬಿಡಿಯಾಗಿ ನೋಡಲು ಕುಳಿತರು. ಹೊಸ ಊರಿನಲ್ಲಿ ಹುಟ್ಟಿದ ತರುಣರಲ್ಲಿ ನೆರಳು ತಿಳಿಬೂದಿ ಬಣ್ಣದ್ದು. ಅವರಿಗೆ ಅದು ಬರೀ ತಮಾಷೆಯ ಮಾತು. ಕಪ್ಪಿದ್ದದ್ದು ಹಳೆಯ ಊರನ್ನು ಕಂಡವರಲ್ಲಿ. ಸಿಟ್ಟಿನ ಅಲೆ ಥಟ್ಟನೆ ಏರಿ ಬೇಗನೆ ಇಳಿಯುತ್ತದೆ. ಇದು ತಡವಾಗಿ ಏರಿ ಇಳಿಯಲೊಲ್ಲದೆ ನಿಂತಿತ್ತು, ಕಿವಿಯ ಸುತ್ತಲಿನ ಚರ್ಮ ಬಿಸಿಯಾಗಿತ್ತು. ಇಂಥದನ್ನು ಎಲ್ಲೋ ಕಂಡಿದ್ದೇನೆ ಎನಿಸಿತು ಅವರಿಗೆ. ಉಪಕರಣ ಸಿದ್ಧವಾಗುತ್ತಿದ್ದ ಕಾಲದ ಪ್ರಯೋಗಗಳನ್ನು ತಡಕಿದಾಗ ನೆನಪಾಯಿತು: ಕೊಟ್ಟು ನಡೆಸದ ಮಾತೊಂದನ್ನು ನೆನೆಸಿಕೊಳ್ಳಿ ಎಂದು ಹೇಳಿದಾಗ ನಾಚಿಕೆಯಲ್ಲಿ ಜನರ ಮೈ ಇದೇ ಅಲೆಯನ್ನು ಬರೆದಿತ್ತು. ಎಲ್ಲ ಕಪ್ಪನ್ನೂ ಒಂದೇ ಕಪ್ಪೆಂದು ತಾವು ಕೂಡಿಸಿಬಿಟ್ಟಿದ್ದರು.

ಆದರೂ ಇದು ಊಹೆ. ಕೇಳುಗರನ್ನು ಸಂಶೋಧಕರು ಕಾಣಬಾರದೆಂಬ ನಿಯಮ ಅವರೇ ಮಾಡಿದ್ದು. ಅದನ್ನು ಮುರಿದು, ಅತಿ ಕಪ್ಪು ನೆರಳು ಯಾರದೋ ಅವರನ್ನು ಹುಡುಕಿಕೊಂಡು ಡೇರಿಗೆ ಹೋದರು.

ದ್ಯಾಮಣ್ಣ ಮೊದಲು ಹಾಲಿನ ಜಿಡ್ಡಿನಂಶದ ಬಗ್ಗೆ ಮಾತಾಡಿದ, ಆಮೇಲೆ ಕುಳಿತುಕೊಳ್ಳಲು ಸ್ಟೂಲು ಒರೆಸಿಕೊಟ್ಟ. ಹೆಸರು ಕಿವಿಗೆ ಬಿದ್ದಾಗ ಸಿಟ್ಟು ಬಂತೇ ಎಂದು ಪದ್ಮಿನಿ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ.

“ಮದಲ ಇತ್ರಿ. ನನ್ನ ತಂಗಿ ಹೋದ್ಲು ಆ ನೀರಾಗ. ಸಾಲಿ ಕಲಸೂ ಬಾಯಾರ ಮನಿ ಬಾಗಲಕ್ಕ ಸಗಣಿ ಒಗದವ ನಾನ. ಆಮ್ಯಾಲೆ ಖರೇ ಗೊತ್ತಾತು. ಹೋಗಿ ತಪ್ಪಾತ್ರಿ ಅನ್ನಬೇಕಿತ್ತು. ಇವತ್ತು ನಾಳೆ ಅನಕೋತ ಇಷ್ಟು ವರ್ಷ ಆತು. ಈಗ ಯಾವ ಮುಖಾ ಇಟಗೊಂಡು ಹೋಗ್ಲಿ?”

“ಬ್ಯಾರೆದವರೂ ಹಿಂಗ ಅಂತಾರೇನು?”

“ಅದನ್ನ ಯಾರೂ ಮಾತಾಡಂಗಿಲ್ರಿ ಊರಾಗ.”

ಮಾತಾಡದಿದ್ದರೂ ಅವರ ಅಲೆಗಳು ಪದ್ಮಿನಿಯವರ ಬಳಿ ಇದ್ದವು.

ಡೇರಿಯಿಂದ ಅವರು ನೇರ ಜಯಶೀಲಾಳ ಮನೆಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಂದಾಕಿನಿ ಒಂಬತ್ತು ಎಂಬ ಅಂಕವನ್ನು ಕೇಳಿ, ತಾವು ಹೇಳಿದ್ದೇ ನಿಜವಾಯಿತೆಂಬಂತೆ ಸೊಸೆಯನ್ನು ನೋಡಿದರು. ಪದ್ಮಿನಿ ಯಾರ ಹೆಸರನ್ನೂ ಎತ್ತದೆ, ಸಿಟ್ಟಿನ ಅಲೆಗೂ ನಾಚಿಕೆಯ ಅಲೆಗೂ ಇರುವ ವ್ಯತ್ಯಾಸವನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ವಿವರಿಸಿದರು.

ಮುದುಕಿ ತಗ್ಗಿದ ದನಿಯಲ್ಲಿ ಕೇಳಿದರು: “ನಿಮ್ಮ ಯಂತ್ರಕ್ಕ ನಾಚಿಕಿ ಗೊತ್ತಾಗತೈತೇನವಾ?”

“ಇಲ್ರಿ. ಗೊತ್ತಾಗಂಗಿಲ್ಲ ಅನ್ನೂದು ನನಗ ಈಗ ಗೊತ್ತಾತು.”

“ಹಳೇ ಯಂತ್ರಾನೂ ಭಯ ಇಲ್ಲ ಅಂತ ಹೇಳಿತ್ತು.”

ಅದಕ್ಕೆ ಉತ್ತರ ಕೊಟ್ಟವಳು ಜಯಶೀಲಾ. “ಯಂತ್ರದ ಮಾತು ಬಿಡ್ರಿ, ಅತ್ತಿ. ತೊಟ್ಟಿಲಕ್ಕ ಹಾಕೂ ದಿನ ಎಲ್ಲಾರ ಮನಿಗೂ ಹೇಳಿ ಬರತೀನಿ. ಇಡೂ ಹೆಸರನ್ನೂ ಅವರಿಗೆ ತಿಳಿಸಿ ಬರತೀನಿ. ಬಂದ್ರ ಅದ ಹೆಸರು. ಬರದಿದ್ರ ನಿಮ್ಮ ಮಾತಿನಂಗ ಬ್ಯಾರೆ ಇಡೂಣು.” ಮಂದಾಕಿನಿ ಬೇಡ ಎನ್ನದೆ ಒಲೆಯ ಕಡೆ ತಿರುಗಿದರು.

ತೊಟ್ಟಿಲಿನ ದಿನ ಊರಿನ ಕೇಳುಗರೆಲ್ಲರ ಕಿವಿಯ ಪಟ್ಟಿಗಳನ್ನೂ ಪದ್ಮಿನಿ ಸ್ಥಗಿತಗೊಳಿಸಿದರು. ಹೆಸರು ಹೇಳುವ ಸೋದರತ್ತೆ ಕಸ್ತೂರಿ, ಏನಾದರೂ ಆದರೆ ಇರಲೆಂದು ಇನ್ನೊಂದು ಹೆಸರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಪಡಸಾಲೆಯಲ್ಲಿ ಬಹಳ ಹೊತ್ತು ಬೀಗರಷ್ಟೇ ಕುಳಿತಿದ್ದರು. ಹಂಚಲೆಂದು ಬೇಯಿಸಿದ್ದ ಗುಗ್ಗರಿ ಆರಿತು. ಇನ್ನು ಕಾಯುವುದು ಬೇಡವೆಂದು ಕಸ್ತೂರಿ ಏಳುವ ಹೊತ್ತಿಗೆ ಪಕ್ಕದ ಓಣಿಯ ಇಬ್ಬರು ಮುದುಕಿಯರು ಕುಬಸದ ಬಟ್ಟೆ ಹಿಡಿದು ಬಂದರು. ಅವರ ಹಿಂದೆ ಇನ್ನೂ ಕೆಲವರು. ಆಮೇಲೆ ಚಪ್ಪಲಿ ಬಿಡಲು ಜಾಗ ಸಾಲದಾಯಿತು. ಹೆಂಗಸರ ಕಾರ್ಯಕ್ಕೆ ಎಂದೂ ಬಾರದ ಗಂಡಸರು ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

ಕಸ್ತೂರಿ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. “ಮೆಲ್ಲಕ ರೀ, ನನ್ನ ಬೆನ್ನು ನನಗ ಬೇಕು,” ಎಂದು ಗೊಣಗಿ, ಅವಳು ಎದ್ದುನಿಂತು ಎಲ್ಲರಿಗೂ ಕೇಳುವಂತೆ ‘ಮಂದಾಕಿನಿ’ ಎಂದು ಕೂಗಿದಳು. ಯಾರೂ ನಗಲಿಲ್ಲ. ತೊಟ್ಟಿಲ ಬಳಿ ಬಂದವರೆಲ್ಲ ಮಗುವನ್ನು ಹೆಸರು ಹಿಡಿದು ಕರೆದರು. ಕರೆಯುವಾಗ ಅವರ ಕಣ್ಣು ಅಡುಗೆಮನೆಯ ಬಾಗಿಲಿನ ಕಡೆಗಿತ್ತು.

ಕೊನೆಗೆ ದ್ಯಾಮಣ್ಣ ಬಂದ. ಮಂದಾಕಿನಿ ಎಂದು ಕರೆಯಲು ಹೋದವನು ಅರ್ಧಕ್ಕೇ ಬಿಟ್ಟ. ತಪ್ಪಾಯಿತೆಂದು ಹೇಳಲು ಬಂದವನು ತೊಟ್ಟಿಲ ಹಗ್ಗ ಹಿಡಿದು ತಲೆತಗ್ಗಿಸಿದ. ಮಂದಾಕಿನಿ ಬಾಗಿಲು ಬಿಟ್ಟು ಪಡಸಾಲೆಗೆ ಬಂದರು. ಅವನನ್ನು ದಿಟ್ಟಿಸಿ ನೋಡಿದರು.

“ನೀಲವ್ವನ ಅಣ್ಣ ಅಲ್ಲೇನು ನೀನು?” ಎಂದರು. ದನಿ ಒಡೆದಿತ್ತು, ಆದರೂ ಅದೇ ದನಿ. ಅಂಗಳದ ತುದಿಯವರೆಗೂ ಕೇಳಿತು. “ಎರಡನೇ ಕ್ಲಾಸಿನಾಗ ನನ್ನ ಮುಂದಿನ ಸಾಲಿನಾಗ ಕೂಡತಿದ್ಲು. ಭಾಳ ನಗತಿದ್ಲು. ಒಮ್ಮೆ ಪಾಠ ನಡದಾಗ ನಗೂದು ನಿಲ್ಲಲಿಲ್ಲಂತ ಹೊರಗ ನಿಲ್ಲಿಸಿದ್ನಿ. ಹೊರಗ ನಿಂತೂ ನಕ್ಕಳು. ಕಡೀಕ ನನಗೂ ನಗು ಬಂತು.”

ತಂಗಿಯ ನಗುವಿನ ಮಾತನ್ನು ದ್ಯಾಮಣ್ಣ ಇಪ್ಪತ್ತು ವರ್ಷಗಳಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ. ಅವನ ಹಿಂದೆ, ಅಂಗಳದಲ್ಲಿ ನಿಂತಿದ್ದವರಲ್ಲಿ ಕೆಲವರು ಹೊಸ್ತಿಲಿನತ್ತ ಸರಿದರು. ನೀರುಪಾಲಾದ ಅವರ ಮನೆಗಳ ಮಕ್ಕಳೂ ಅದೇ ತರಗತಿಗಳಲ್ಲಿ ಕುಳಿತವರು.

ದ್ಯಾಮಣ್ಣ ತೊಟ್ಟಿಲ ಪಕ್ಕದ ನೆಲದ ಮೇಲೆ ಕುಳಿತ. “ಇನ್ನೇನೇನು ಮಾಡತಿದ್ಲ್ರೀ ಬಾಯಾರ,” ಎಂದ, “ಹೇಳ್ರಿ.”