ಮಾರ್ಚ್‌ವರೆಗೆ ಕಾಯಿರಿ

“ನಿನಗೊಂದು ಮಾತು ಹೇಳ್ಬೇಕು,” ಎಂದ ಆರ್ವೋ.

ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಟಿಲ್ಡಾಳ ಕಾರಿನ ಗಾಜಿಗೆ ಕಟ್ಟಿದ್ದ ಹಿಮವನ್ನು ಕೆರೆಯುತ್ತ ನಿಂತವನು ಅರ್ಧ ಗಾಜು ಮುಗಿದರೂ ಮತ್ತೆ ಬಾಯಿ ತೆರೆಯಲಿಲ್ಲ. ಸರೋವರದ ಮೇಲಿಂದ ಬಂದ ಗಾಳಿ ಟೊಪ್ಪಿಗೆಯೊಳಗೆ ನುಗ್ಗಿ ಕಿವಿ ಕಚ್ಚುತ್ತಿತ್ತು.

“ಹೇಳೋ ಮತ್ತೆ!”

“ಈಗ ಬೇಡ. ಗುರುವಾರ ನಿನ್ನ ರಿಸಲ್ಟ್ ಬರಲಿ, ಆಮೇಲೆ.”

“ಅದಕ್ಕೂ ಇದಕ್ಕೂ ಏನೋ ಸಂಬಂಧ?”

“ಏನಿಲ್ಲ.” ಸ್ವಲ್ಪ ಯೋಚಿಸಿದ. “ಇದೆ.”

“ಒಳ್ಳೇ ಸುದ್ದೀನೋ ಕೆಟ್ಟದ್ದೋ, ಅದಾದ್ರೂ ಹೇಳು.”

“ಅದು ನಿನಗೇ ಬಿಟ್ಟಿದ್ದು,” ಎಂದವನೇ ಅವಳನ್ನೊಮ್ಮೆ ನೋಡಿ, ನೋಡಿದ್ದೇ ತಪ್ಪಾಯಿತೆಂಬಂತೆ ತನ್ನ ಬೂಟಿನ ಲೇಸನ್ನು ನೋಡತೊಡಗಿದ.

ಟಿಲ್ಡಾಗೆ ಮೈಯೆಲ್ಲ ಉರಿದುಹೋಯಿತು. ಒಂದು ಉತ್ತರಕ್ಕೆ ಕಾದು ಕಾದು ಅವಳು ಆಗಲೇ ಅರ್ಧ ಆಗಿದ್ದಳು. ಈಗ ಈ ಪುಣ್ಯಾತ್ಮ ಇನ್ನೊಂದನ್ನು ಸೇರಿಸಿ ಕೊಟ್ಟಿದ್ದ.

ಆರ್ವೋ ನಿಯೆಮಿ ಪಕ್ಕದ ಮನೆಯವನು. ಶಾಲೆ ಮುಗಿಸಿ ವರ್ಷವಾಗಿರಲಿಲ್ಲ. ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಮುತ್ತಜ್ಜ ಫಿನ್ಲೆಂಡಿನಿಂದ ಬಂದವನು. ಫಿನ್ ಜನ ಮಾತಿಗೆ ಜಿಪುಣರೆಂದು ಅಮೆರಿಕದ ಉತ್ತರ ತುದಿಯ ಈ ಡುಲೂತ್ ಊರಲ್ಲೆಲ್ಲ ತಮಾಷೆ ಮಾಡುತ್ತಾರೆ. ಟಿಲ್ಡಾ ಮಾತ್ರ ಅದು ತಮಾಷೆಯೆಂದು ಒಪ್ಪುತ್ತಿರಲಿಲ್ಲ.

ಅವಳು ಅರ್ಜಿ ಹಾಕಿದ್ದು ಪೂರ್ವ ಕರಾವಳಿಯ ಒಂದು ಹಳೆಯ ವಿಶ್ವವಿದ್ಯಾಲಯಕ್ಕೆ, ಸಮುದ್ರ ವಿಜ್ಞಾನ ಓದಲಿಕ್ಕೆ. ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದರೆ ಎಲ್ಲರಿಗಿಂತ ಮೊದಲು ಉತ್ತರ. ಆದರೆ ಕರೆದರೆ ಹೋಗಲೇಬೇಕು, ಬೇರೆ ಕಡೆ ಕಣ್ಣೆತ್ತಿ ನೋಡುವಂತಿಲ್ಲ. ಹೆಚ್ಚುಕಡಿಮೆ ವೀಳ್ಯ ಬದಲಾಯಿಸಿಕೊಂಡ ಹಾಗೆ. ಇಲ್ಲಿ ವೀಳ್ಯ ಕೊಟ್ಟವಳು ಇವಳೊಬ್ಬಳೇ. ಅತ್ತಲಿನವರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಡಿಸೆಂಬರ್ ಬಂದಮೇಲೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಅದನ್ನೂ ತಡೆದುಕೊಳ್ಳಬಹುದಿತ್ತು, ಜನರ ಉಪದೇಶವನ್ನಲ್ಲ. ಶಾಲೆಯ ಕೌನ್ಸೆಲರ್ ಹಿಸುಕಲಿಕ್ಕೆಂದು ಒಂದು ರಬ್ಬರ್ ಚೆಂಡು ಕೊಟ್ಟರು; ವಾರ ತುಂಬುವ ಮೊದಲೇ ಅದು ಒಡೆದು ಒಳಗಿನ ಪುಡಿಯೆಲ್ಲ ಗಣಿತದ ಪುಸ್ತಕದ ಮೇಲೆ ಚೆಲ್ಲಿತು. ಅಂಚೆಯವನು, ಹಲ್ಲಿನ ಡಾಕ್ಟರು, ಅಂಗಡಿಯ ಕೌಂಟರಿನಾಕೆ, ಯಾರು ಸಿಕ್ಕರೂ ಅದೇ: “ಏನಾದ್ರೂ ಬಂತಾ?” ಅಮ್ಮ ಅವಳ ಫೋನಿಗೆ ಉಸಿರಾಟ ಕಲಿಸುವ ಆ್ಯಪ್ ಹಾಕಿಕೊಟ್ಟಳು.

“ಒಳಗೆ ತಗೋ ಚಿನ್ನಾ... ನಿಧಾನ... ಈಗ ಹೊರಗೆ ಬಿಡು...”

“ಹದಿನೆಂಟು ವರ್ಷದಿಂದ ಯಾರೂ ಹೇಳಿಕೊಡದೇನೇ ಉಸಿರಾಡ್ತಿದ್ದೀನಮ್ಮ!”

ಉಪದೇಶ ಮಾಡದವಳು ಅಜ್ಜಿ ಬೋರ್ಗಿಲ್ಡ್ ಒಬ್ಬಳೇ. ಚರ್ಚಿನ ನೆಲಮಾಳಿಗೆಯಲ್ಲಿ ಕ್ರಿಸ್ಮಸ್ ಮಾರಾಟಕ್ಕೆ ಲೆಫ್ಸೆ ಮಾಡುವ ಕಾಲ ಅದು. ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ಹಾಳೆಯ ಹಾಗೆ ಲಟ್ಟಿಸಿ ಕಾವಲಿಯ ಮೇಲೆ ಹಾಕುವ ರೊಟ್ಟಿ. ಅಜ್ಜಿ ಮೊಮ್ಮಗಳ ಕೈಗೆ ಲಟ್ಟಣಿಗೆ ಕೊಟ್ಟು, “ಉಸಿರಾಟ ಆಮೇಲೆ ಮಾಡ್ಕೊಳ್ಳುವೆಯಂತೆ. ಮೊದಲು ಲಟ್ಟಿಸು,” ಎಂದಳು.

ಮೊದಲ ದಿನ ಎಲ್ಲವೂ ಹರಿದವು. “ಹಿಟ್ಟಿನ ಮೇಲೆ ಯಾಕೆ ಸಿಟ್ಟು? ಅದೇನು ನಿನ್ನನ್ನ ಬೇಡ ಅಂತಾ?” ಎಂದು ಅಜ್ಜಿ ಉಂಡೆ ಕಟ್ಟಿ ಮತ್ತೆ ಕೊಟ್ಟಳು. ಕೈ ಹಗುರ ಮಾಡದೆ ಅದು ಬಗ್ಗುವ ಹಿಟ್ಟಲ್ಲ. ಕೈ ಹಗುರ ಮಾಡಬೇಕಾದರೆ ಮನಸ್ಸು ಅಲ್ಲೇ ಇರಬೇಕು. ಒಂದೊಂದು ರೊಟ್ಟಿ ಲಟ್ಟಿಸುವಷ್ಟು ಹೊತ್ತು ಟಿಲ್ಡಾ ವಿಶ್ವವಿದ್ಯಾಲಯವನ್ನು ಮರೆಯುತ್ತಿದ್ದಳು. ಆರ್ವೋನನ್ನು ಮರೆಯುವುದು ಅಷ್ಟು ಸುಲಭವಾಗಲಿಲ್ಲ. ಆ ಹಾಳು ಬೂಟಿನ ಲೇಸಿನಲ್ಲಿ ಅಂಥದ್ದೇನಿತ್ತು?

ಗುರುವಾರ ಬಂತು. ಉತ್ತರ ಬರುವುದು ಸಂಜೆ ಐದಕ್ಕೆ. ಅಜ್ಜಿ ಮೊಮ್ಮಗಳ ಫೋನು ಕಸಿದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದಳು.

“ಆ ನಿಯೆಮಿ ಹುಡುಗ ಇನ್ನೂ ಆಲೂಗಡ್ಡೆ ತಂದಿಲ್ಲ ನೋಡು. ಹಡಗಿನಲ್ಲೂ ಹೀಗೇ ಮಾಡಿದ್ರೆ ಎತ್ತಿ ನೀರಿಗೆ ಹಾಕ್ತಾರೆ.”

ಟಿಲ್ಡಾಳ ಕೈ ನಿಂತಿತು. “ಯಾವ ಹಡಗು?”

“ಅದಿರು ಸಾಗಿಸೋದು. ಮಾರ್ಚಿನಲ್ಲಿ ಸರೋವರದ ಐಸ್ ಒಡೆದ ಕೂಡಲೇ ಹೊರಡ್ತಾನಂತೆ, ಡೆಕ್ ಕೆಲಸಕ್ಕೆ. ಅವರಜ್ಜಿ ಹೇಳಿದ್ಲು. ಯಾಕೆ, ನಿನಗೆ ಹೇಳಿಲ್ವಾ?”

ಓಹೋ, ಇದೇ ಆ ದೊಡ್ಡ ಗುಟ್ಟು! ಊರಿಗೆಲ್ಲ ಡಂಗುರ ಸಾರಿ, ತನಗೆ ಮಾತ್ರ ಗುರುವಾರದ ವಾಯಿದೆ. ಕೈಯಲ್ಲಿದ್ದ ರೊಟ್ಟಿ ನಡುವೆ ಸೀಳಿಹೋಯಿತು.

ಅಷ್ಟರಲ್ಲಿ ಆರ್ವೋ ಮೂಟೆ ಹೊತ್ತು ಮೆಟ್ಟಿಲಿಳಿದು ಬಂದ. ಹುಬ್ಬಿನ ಮೇಲೆ ಹಿಮ. ಅವಳನ್ನು ಕಂಡೊಡನೆ ಅವನ ಮುಖ ಅರಳಿದ್ದು, ತಕ್ಷಣ ಅದನ್ನು ಮುಚ್ಚಿಕೊಳ್ಳಲು ಹೆಣಗಿದ್ದು ಎರಡೂ ಅವಳಿಗೆ ಕಾಣಿಸಿದವು. ಇನ್ನಷ್ಟು ಸಿಟ್ಟು ಬಂತು.

“ನನಗೆಲ್ಲಾ ಗೊತ್ತಾಯ್ತು,” ಎಂದಳು.

ಮೂಟೆ ಅವನ ಹೆಗಲಿನಿಂದ ಜಾರಿ ಕಾಲ ಮೇಲೆ ಬಿತ್ತು. “ಏನು... ಯಾರು ಹೇಳಿದ್ರು?”

“ಅಜ್ಜಿ.”

“ನಿಮ್ಮಜ್ಜಿಗೆ ಹೆಂಗೆ ಗೊತ್ತಾಯ್ತು?”

“ನಿಮ್ಮಜ್ಜಿ ಹೇಳಿದ್ರಂತೆ.”

“ನಮ್ಮಜ್ಜಿಗೂ ಗೊತ್ತಾ?” ಅವನ ಕಿವಿ ಕೆಂಪಾದವು.

“ಇಡೀ ಚರ್ಚಿಗೇ ಗೊತ್ತು ಬಿಡು. ಪಾದ್ರಿಗಳಿಗೂ ಗೊತ್ತಿರುತ್ತೆ.”

“ಪಾದ್ರಿಗಳಿಗಾ!” ಆರ್ವೋ ಅಲ್ಲೇ ಇದ್ದ ಮಡಿಚುವ ಕುರ್ಚಿಯ ಮೇಲೆ ಕುಸಿದ. ತೀರ ಮೆಲ್ಲಗೆ, “ನಿನಗೆ ಬೇಜಾರಾಯ್ತಾ?” ಎಂದ.

“ಆಗ್ದೇ ಇರುತ್ತಾ? ನನಗೇ ಮೊದಲು ಹೇಳ್ಬೇಕಿತ್ತು ನೀನು.”

“ನಿನಗೇ ಮೊದಲು ಹೇಳೋಣ ಅಂತಾನೇ ಇದ್ದೆ! ಇನ್ಯಾರಿಗೆ ಹೇಳ್ತಾರೆ ಇಂಥಾದ್ದು? ಎರಡು ವರ್ಷದಿಂದ ಒಬ್ಬನೇ ಒಳಗಿಟ್ಕೊಂಡಿದ್ದೀನಿ.”

“ಎರಡು ವರ್ಷದಿಂದ? ಹಡಗಿನವರು ಅಷ್ಟು ಮುಂಚೇನೇ ಕೆಲಸಕ್ಕೆ ತಗೋತಾರಾ?”

ಆರ್ವೋ ತಲೆ ಎತ್ತಿದ. “ಯಾವ ಹಡಗು?” ಆಮೇಲೆ, “ಓ... ಹಡಗು.”

“ಹಡಗಲ್ದೆ ಮತ್ತೇನು?”

ಟಿಲ್ಡಾ ಅವನ ಕಿವಿ ನೋಡಿದಳು. ಹೊರಗಿನ ಚಳಿಗೆ ಕೆಂಪಾದ ಕಿವಿ ಒಳಗಿನ ಬಿಸಿಗೆ ಇಷ್ಟು ಹೊತ್ತಿಗೆ ತಿಳಿಯಾಗಬೇಕಿತ್ತು. ಇವು ಇನ್ನೂ ಕೆಂಪಾಗುತ್ತಲೇ ಇದ್ದವು. ಅವಳು ಲಟ್ಟಣಿಗೆ ಕೆಳಗಿಟ್ಟಳು.

“ಆರ್ವೋ. ಎರಡು ವರ್ಷದಿಂದ ಏನು?”

“ಐದಾಯ್ತು,” ಎಂದು ಅಜ್ಜಿ ಕಾವಲಿಯ ಬಳಿಯಿಂದ ಕೂಗಿ, ಫೋನು ತಂದು ಹಿಟ್ಟಿನ ಮೇಜಿನ ಮೇಲಿಟ್ಟಳು. “ಮೊದಲು ಇದನ್ನ ಮುಗಿಸು.”

ಟಿಲ್ಡಾಳ ಬೆರಳಿಗೆ ಅಂಟಿದ ಹಿಟ್ಟಿನಿಂದ ಫೋನು ಅವಳ ಗುರುತೇ ಹಿಡಿಯಲಿಲ್ಲ. ಒರೆಸಿಕೊಂಡಳು. ಪಾಸ್‌ವರ್ಡ್ ತಪ್ಪಾಯಿತು. ಮತ್ತೆ ಹಾಕಿದಳು. ಪುಟ ತೆರೆಯಿತು. ಓದಿದಳು. ಮತ್ತೊಮ್ಮೆ ಓದಿದಳು.

“ಏನಂತೆ?” ಎಂದಳು ಅಜ್ಜಿ.

“ಈಗ ಏನೂ ಹೇಳೋಕಾಗಲ್ವಂತೆ. ಹೌದೂ ಅಲ್ಲ, ಇಲ್ಲಾನೂ ಅಲ್ಲ. ನನ್ನ ಅರ್ಜೀನ ಮುಂದಕ್ಕೆ ಹಾಕಿದ್ದಾರಂತೆ. ಮಾರ್ಚ್‌ವರೆಗೆ ದಯವಿಟ್ಟು ಕಾಯಿರಿ ಅಂತ ಬರೆದಿದ್ದಾರೆ.”

“ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ಆ ಬೃಹಸ್ಪತಿಗಳಿಗೆ?” ಅಜ್ಜಿ ಕೋಟು ತಂದು ಅವಳ ಹೆಗಲಿಗೆ ಹಾಕಿದಳು. “ಹೋಗು ಮಗಳೇ. ಹೊರಗೆ ಹೋಗಿ ಚೆನ್ನಾಗಿ ಕಿರುಚಿ ಬಾ.”

ಟಿಲ್ಡಾ ಹೋದಳು. ಚರ್ಚಿನ ಮೆಟ್ಟಿಲ ಮೇಲೆ ನಿಂತು, ಕತ್ತಲಾದ ಸರೋವರದ ಕಡೆ ಮುಖ ಮಾಡಿ ಶಕ್ತಿಯಿದ್ದಷ್ಟೂ ಕಿರುಚಿದಳು. ಎದುರು ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸು, “ಏನಾದ್ರೂ ಬಂತಾ, ಟಿಲ್ಡಾ?” ಎಂದು ಕೇಳಿದಳು. ಟಿಲ್ಡಾಗೆ ನಗು ಬಂತು. ನಗುವಿನ ಹಿಂದೆಯೇ ಅಳು ನುಗ್ಗಿ ಬಂತು. ಎರಡನ್ನೂ ಬಿಡಿಸಿಡಲು ಅವಳಿಂದಾಗಲಿಲ್ಲ.

ಆರ್ವೋ ಅವಳ ಕೈಗವಸು ಹಿಡಿದು ಹಿಂದೆಯೇ ಬಂದು ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ಅಳು ಮುಗಿಯುವವರೆಗೆ ಏನೂ ಹೇಳಲಿಲ್ಲ. ಅವನ ಮಾತಿನ ಜಿಪುಣತನ ಮೊದಲ ಸಲ ಅವಳಿಗೆ ಹಿತವಾಯಿತು.

“ಗುರುವಾರ ಆಯ್ತು, ರಿಸಲ್ಟೂ ಬಂತು,” ಎಂದಳು ಮೂಗು ಒರೆಸಿಕೊಳ್ಳುತ್ತ. “ಹೇಳು.”

“ಇದು ಹೇಳೋ ಹೊತ್ತಾ ಅಂತ...”

“ಆರ್ವೋ ನಿಯೆಮಿ, ನೀನೂ ಮಾರ್ಚ್‌ವರೆಗೆ ಕಾಯಿ ಅಂದ್ರೆ ಈ ಮೆಟ್ಟಿಲ ಮೇಲಿಂದ ತಳ್ತೀನಿ.”

“ಹಾಗಲ್ಲ ಕಣೇ. ಸೀಟು ಸಿಕ್ಕಿದ್ರೆ ನೀನು ಹೋಗ್ತೀಯ. ಆಗ ಹೇಳಿದ್ರೆ ಕಾಲಿಗೆ ಹಗ್ಗ ಹಾಕಿದಂಗೆ ಆಗುತ್ತೆ. ಅದಕ್ಕೆ ಸುಮ್ನೆ ಹಡಗಿನ ವಿಷಯ ಹೇಳಿ ಶುಭಾಶಯ ಹೇಳೋಣ ಅಂತಿದ್ದೆ. ಸಿಗದಿದ್ರೆ, ನಿನ್ನ ಅಳು ನಿಲ್ಲೋವರೆಗೆ ಒಂದು ವಾರ ಬಿಟ್ಟು ಎಲ್ಲಾ ಹೇಳೋಣ ಅಂತಿದ್ದೆ. ಎರಡಕ್ಕೂ ತಯಾರಾಗಿದ್ದೆ.” ಅವನು ಅಸಹಾಯಕನಾಗಿ ಕೈ ಚೆಲ್ಲಿದ. “ಹಿಂಗೊಂದು ಬರಬಹುದು ಅಂತ ನನಗೆ ಹೊಳೀಲೇ ಇಲ್ಲ.”

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಟಿಲ್ಡಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಸರಿ. ಇಷ್ಟೆಲ್ಲಾ ಪೀಠಿಕೆ ಹಾಕಿದೀಯ. ಆ ಮಾತು ಯಾವುದು?”

ಈ ಸಲ ಅವನು ಬೂಟು ನೋಡಲಿಲ್ಲ. “ನಿನ್ನನ್ನ ಕಂಡ್ರೆ ನನಗಿಷ್ಟ. ತುಂಬಾ. ನಾನು ಮಾರ್ಚಿಗೆ ಹೊರಡ್ತೀನಿ, ನೀನೂ ಎಲ್ಲಿಗೋ ಹೊರಡ್ತೀಯ. ಆ ವಿಶ್ವವಿದ್ಯಾಲಯ ಬೇಡ ಅಂದ್ರೂ ನೀನು ಇಲ್ಲಿ ನಿಲ್ಲೋಳಲ್ಲ, ನನಗೆ ಗೊತ್ತು. ಅಲ್ಲೀವರೆಗೆ ಮಾತ್ರ ಆದ್ರೂ ಪರವಾಗಿಲ್ಲ. ಅದಾದ್ಮೇಲೂ ಆದ್ರೆ...” ಅಷ್ಟರಲ್ಲಿ ಅವನ ಮಾತಿನ ದಾಸ್ತಾನು ಖಾಲಿಯಾಯಿತು.

ಗಾಳಿ ಬೀಸಿತು.

ಅವಳ ನಾಲಿಗೆಯ ತುದಿಗೆ ತುಂಟ ಉತ್ತರವೊಂದು ಬಂದು ನಿಂತಿತ್ತು: ನಿಮ್ಮ ಅರ್ಜಿ ತಲುಪಿದೆ, ಪರಿಶೀಲಿಸಿ ತಿಳಿಸುತ್ತೇವೆ. ಎಷ್ಟು ದಿನ ಸತಾಯಿಸಿದ್ದ, ಒಂದು ವಾರವಾದರೂ ಅನುಭವಿಸಲಿ. ಬಾಯಿ ತೆರೆದಳು. ಆಗ ಅವನ ಕೈ ಕಂಡಿತು. ಅವಳ ಕೈಗವಸಿನ ಉಣ್ಣೆಯ ಎಳೆಯೊಂದನ್ನು ಹಿಡಿದು ಅವನ ಬೆರಳು ತಿರುಚುತ್ತಲೇ ಇತ್ತು. ಎದೆಯ ಮೇಲೆ ಕೋಟು ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದ.

ಆ ನಿಲುವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಶತ್ರುವಿಗೂ ಬಯಸುವಂತಿರಲಿಲ್ಲ.

“ನಾನೂ ಕಣೋ, ಮಂಕೇ,” ಎಂದಳು ಬೇಗ ಬೇಗ. “ನನಗೂ ನೀನಂದ್ರೆ ಇಷ್ಟ. ಹೌದು. ಆಮೇಲಿಂದು ಆಮೇಲೆ ನೋಡೋಣ. ಈಗ ಉಸಿರು ಬಿಡು.”

ಅವನು ಬಿಟ್ಟ. ಬೆಳ್ಳನೆಯ ಹಬೆ ಅವರಿಬ್ಬರ ನಡುವೆ ತುಂಬಿಕೊಂಡಿತು. ಅದು ಕರಗುವ ಮೊದಲೇ ಟಿಲ್ಡಾ ಒಂದು ಮೆಟ್ಟಿಲು ಇಳಿದು ಅವನ ಕೋಟಿಗೆ ಹಣೆ ಆನಿಸಿ ನಿಂತಳು.