ಮಸೀದಿ ಬಾಗಿಲಿನ ಕೊಂಬೆಗಳು

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತೂವರೆ. ಇಸ್ತರವ್‌ಶನ್ ಊರಿನ ಪೊಲೀಸ್ ಠಾಣೆಗೆ ಬಂದ ನಿವೃತ್ತ ಲೆಕ್ಕದ ಮೇಷ್ಟ್ರು ನಯಿಮ್‌ಜೋನ್, ತಮ್ಮ ಮರದ ಕೊಂಬೆಗಳನ್ನು ಯಾರೋ ಕತ್ತರಿಸಿದ್ದಾರೆಂದು ದೂರು ಕೊಟ್ಟರು.

"ಯಾವ ಮರ? ಏಪ್ರಿಕಾಟಾ?" ಕಾನ್‌ಸ್ಟೆಬಲ್ ಎರಾಜ್ ಕೇಳಿದ.

"ಬಾಗಿಲ ಮೇಲಿನ ಮರ."

ಎರಾಜ್ ನಕ್ಕುಬಿಟ್ಟ. ಇನ್‌ಸ್ಪೆಕ್ಟರ್ ಸಬೊಹತ್ ನಗಲಿಲ್ಲ. ಚನೋರ್ ಮಸೀದಿಯ ಬಾಗಿಲನ್ನು ಅವಳೂ ಬಲ್ಲಳು. ಅದರ ಒಂದು ಕದದ ತುಂಬ ಸಣ್ಣ ಸಣ್ಣ ಮರಗಳ ಕೆತ್ತನೆ. ಅದೊಂದು ಹಳೆಯ ಗುಪ್ತಲಿಪಿ. ಎಡಬಲದ ಕೊಂಬೆ ಎಣಿಸಿದರೆ ಒಂದೊಂದು ಮರಕ್ಕೂ ಒಂದಕ್ಷರ ಸಿಗುತ್ತಿತ್ತು. ಅಕ್ಷರ ಕೂಡಿಸಿದರೆ ಮಾತಾಗುತ್ತಿರಲಿಲ್ಲ. ಮೇಷ್ಟ್ರ ಮೂವತ್ತು ವರ್ಷ ಅದನ್ನು ಓದುವ ಪ್ರಯತ್ನಕ್ಕೇ ಹೋಗಿತ್ತು.

ಎಫ್‌ಐಆರ್‌ನಲ್ಲಿ ಹಾನಿಯ ವಿವರ ಬರೆಯಬೇಕಿತ್ತು.

"ಅಲ್ಲಿ ಏನು ಬರೆದಿತ್ತು?" ಸಬೊಹತ್ ಕೇಳಿದಳು.

"ಗೊತ್ತಿಲ್ಲ."

"ಹಾಗಾದ್ರೆ ಏನು ಹಾಳಾಯ್ತು ಅಂತ ಬರೀಲಿ, ಮೇಷ್ಟ್ರೇ?"

"ಅದೇ ನನ್ನ ಸಂಕಟ!"

ಪಂಚನಾಮೆಗೆ ಹೋದಾಗ ಮಸೀದಿಯನ್ನು ನೋಡಿಕೊಳ್ಳುವ ಮುದುಕ ಹಮ್ರೊಕುಲ್ ಎಲ್ಲರಿಗೂ ಚಹಾ ತಂದರು. ಬಲಗಡೆಯ ಕದ ಬರೀ ಹಲಗೆ. ಕೆತ್ತನೆ ಇದ್ದದ್ದು ಎಡಗಡೆಯದರಲ್ಲಿ. ಕೊನೆಯ ಮರದಲ್ಲಿ ಎರಡು ಕೊಂಬೆಗಳ ಜಾಗ ಹೊಸದಾಗಿ ಕೆತ್ತಿ ಬೆಳ್ಳಗಿತ್ತು. ಸಬೊಹತ್ ಟಾರ್ಚನ್ನು ಓರೆಯಾಗಿ ಹಿಡಿದಳು. ಉಳಿದ ಮರಗಳಲ್ಲೂ ಕೆತ್ತಿ ತೆಗೆದ ಗುರುತುಗಳಿದ್ದವು; ಬಾಗಿಲಿಗೆ ಸವರುವ ಎಣ್ಣೆ ಕುಡಿದು ಅವು ಕಪ್ಪಾಗಿದ್ದವು. ಇದು ಒಂದು ದಿನದ ಕೆಲಸವಲ್ಲ.

"ಕೊಂಬೆ ಕಮ್ಮಿಯಾಗ್ತಿದ್ದದ್ದು ನಿಮಗೆ ಗೊತ್ತಾಗ್ಲಿಲ್ವಾ?"

ಮೇಷ್ಟ್ರ ಮುಖ ಬಾಡಿತು. "ಹಿಂದಿನ ಸಲ ನಾನೇ ತಪ್ಪು ಎಣಿಸಿದೀನಿ ಅಂದ್ಕೊಳ್ತಿದ್ದೆ. ಹಳೇ ನಕಲು ಒಲೆಗೆ ಹಾಕಿ, ಮೊದಲಿಂದ ಶುರು ಮಾಡ್ತಿದ್ದೆ."

"ಫೋಟೊ?"

"ಹಮ್ರೊಕುಲ್ ತೆಗೆಯೋಕೆ ಬಿಡ್ತಿರಲಿಲ್ಲ."

"ಅರ್ಥ ಆಗೋ ಹಂತಕ್ಕೆ ಬಂದಾಗೆಲ್ಲ ಯಾರಿಗೆ ಹೇಳ್ತಿದ್ರಿ?"

"ಯಾರಿಗೂ ಇಲ್ಲ. ಶುಕ್ರವಾರ ಚಹಾ ಕುಡೀತಾ ಇವನಿಗೆ..." ಮೇಷ್ಟ್ರು ಹಮ್ರೊಕುಲ್‌ರತ್ತ ತಿರುಗಿದರು.

ಹಮ್ರೊಕುಲ್ ಚಹಾದ ಪಾತ್ರೆಯನ್ನು ಕೆಳಗಿಟ್ಟರು.

"ಚಾಕು ಕೊಡಿ, ಅಜ್ಜಾ," ಎಂದಳು ಸಬೊಹತ್. ಅವರು ಸೊಂಟದಿಂದ ತೆಗೆದು ಕೊಟ್ಟರು.

"ಬಲಗಡೆ ಕದಾನ ನಮ್ಮಪ್ಪನ ಕಾಲದಲ್ಲಿ ಓದಿ ಕೊಡ್ತೀವಿ ಅಂತ ರಾಜಧಾನಿಗೆ ಹೊತ್ಕೊಂಡು ಹೋದ್ರು. ವಾಪಸ್ ಬಂತಾ? ಇದನ್ನ ಓದಿಬಿಟ್ರೆ ಇದೂ ಹೋಗ್ತಿತ್ತು."

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲೋ, ಪಾಪಿ!"

"ಹೇಳಿದ್ರೆ ಬಿಡ್ತಿದ್ಯಾ?"

ಮೇಷ್ಟ್ರು ಕದದ ಗುರುತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಬೇಡುವ ದನಿಯಲ್ಲಿ, "ಯಾವ ಕೊಂಬೆ ಎಲ್ಲಿತ್ತು, ನೆನಪಿದೆಯಾ?" ಎಂದರು.

"ನಂಗೇನು ಲೆಕ್ಕ ಬರುತ್ತಾ? ನೀನು ಬೆರಳಿಟ್ಟು ತೋರಿಸಿದ್ದನ್ನ ಕೆತ್ತಿ ಹಾಕ್ದೆ."

ಸಂಜೆ ನಾಲ್ಕಕ್ಕೆ ಹಮ್ರೊಕುಲ್‌ರನ್ನು ಬಂಧಿಸಲಾಯಿತು. ಹಾನಿಯಾದ ವಸ್ತುವೇ ಸಾಕ್ಷ್ಯ. ಪರೀಕ್ಷೆಗೆ ರಾಜಧಾನಿಗೆ ಕಳಿಸಬೇಕು. ಕದವನ್ನು ಇಲ್ಲೇ ಬಿಟ್ಟುಬಿಡಲು ದಾರಿಯಿದೆಯೇ ಎಂದು ಸಬೊಹತ್ ಮೇಲಧಿಕಾರಿಗಳಿಗೆ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಬೈಸಿಕೊಂಡಳು.

ಎರಾಜ್ ಮತ್ತು ಇಬ್ಬರು ಬಡಗಿಗಳು ಕದವನ್ನು ಕೀಲಿನಿಂದ ಎತ್ತಿ, ಕಂಬಳಿ ಸುತ್ತಿ ಲಾರಿಗೆ ಏರಿಸಿದರು. ಜೀಪಿನಲ್ಲಿ ಕೂತಿದ್ದ ಹಮ್ರೊಕುಲ್ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು.

"ಯಾವಾಗ ವಾಪಸ್ ತರ್ತೀರಮ್ಮಾ?"

"ಕೇಸು ಮುಗಿದ ಮೇಲೆ," ಎಂದಳು ಸಬೊಹತ್. ಹೇಳಿದ ಮೇಲೆ ಅವರ ಮುಖ ನೋಡಲು ಅವಳಿಂದಾಗಲಿಲ್ಲ.